ಕಡೆಗೆ ಉಣ್ಣುವವನ ಬುತ್ತಿ

ಸೈನ್ಯದಿಂದ ಬಂದವನಿಗೆ ಜನರನ್ನು ನಡೆಸುವುದು ತಾನಾಗಿಯೇ ಗೊತ್ತಿರುತ್ತದೆ ಎಂದು ಊರಿನವರು ತಿಳಿಯುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ಎಪ್ಪತ್ತರ ದಶಕ ಅರ್ಧ ಸರಿದಿತ್ತು. ಹವಾಲ್ದಾರನಾಗಿ ನಿವೃತ್ತನಾಗಿ, ಬಿಳಿ ಬಣ್ಣದಲ್ಲಿ ನನ್ನ ಹೆಸರು ಬರೆದ ಕರಿ ಟ್ರಂಕು ಹೊತ್ತುಕೊಂಡು ಲಕ್ಷ್ಮೇಶ್ವರದ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ, ಇನ್ನು ನೌಕರಿಯೇ ನನ್ನನ್ನು ಹುಡುಕಿಕೊಂಡು ಬರುತ್ತದೆ ಎಂಬ ಜಂಬ ಮೀಸೆಯಲ್ಲೇ ಕಾಣುತ್ತಿತ್ತು. ಆ ಮೀಸೆ ಇಳಿಯಲು ಬಹಳ ದಿನ ಬೇಕಾಗಲಿಲ್ಲ.

ಮೊದಲ ಕೆಲಸ ಶಿರಹಟ್ಟಿಯ ಒಂದು ಶಾಲೆಯಲ್ಲಿ, ಹಂಗಾಮಿ ಡ್ರಿಲ್ ಮಾಸ್ತರಿಕೆ. ಪ್ರಾರ್ಥನೆಗೆ ತಡವಾಗಿ ಬಂದವರೆಲ್ಲ ಮೈದಾನಕ್ಕೆ ಒಂದು ಸುತ್ತು ಓಡಬೇಕೆಂದು ಹುಕುಂ ಮಾಡಿದೆ. ಒಂದು ದಿನ ಹೆಡ್ ಮಾಸ್ತರರೇ ತಡವಾಗಿ ಬಂದರು. ನಿಯಮ ಅಂದರೆ ನಿಯಮ ಎಂದೆ. ಅವರು ಓಡಲಿಲ್ಲ, ನಾನು ಓಡಿದೆ, ಸೀದಾ ಬಸ್ ಸ್ಟ್ಯಾಂಡಿಗೆ. ಎರಡನೆಯದು ಮುಂಡರಗಿಯ ಒಬ್ಬ ವ್ಯಾಪಾರಿಯ ಗೋದಾಮಿನ ಕಾವಲು. ಅಲ್ಲಿ ಮಾಲಕರ ಅಳಿಯ ಶೇಂಗಾ ಚೀಲಗಳ ನಡುವೆ ಬೀಡಿ ಸೇದುತ್ತ ಅಡ್ಡಾಡಿದ. ಬೀಡಿ ಕಸಿದು ಕಾಲಿನಿಂದ ಹೊಸಕಿದೆ. ಗೋದಾಮು ಉಳಿಯಿತು, ನೌಕರಿ ಉಳಿಯಲಿಲ್ಲ. ಈಗ ಕೇಳಿದರೂ ಎರಡೂ ಕಡೆ ನಾನು ಮಾಡಿದ್ದೇ ಸರಿ ಎನ್ನುತ್ತೇನೆ.

ಮನೆಯಲ್ಲಿ ಮಾತ್ರ ಈ ಸರಿ-ತಪ್ಪಿಗೆ ಕವಡೆ ಕಿಮ್ಮತ್ತು ಇರಲಿಲ್ಲ. ಮದುವೆಯಾದಂದಿನಿಂದ ವರ್ಷಕ್ಕೊಮ್ಮೆ ರಜೆಯ ಮೇಲೆ ಬಂದು ಹೋಗುತ್ತಿದ್ದವನು ನಾನು. ಹೆಂಡತಿ ಬಾಳೆಹೊಸೂರಿನ ಒಕ್ಕಲುತನದ ಮನೆಯವಳು. ನಾನಿಲ್ಲದ ಅಷ್ಟೂ ವರ್ಷ ಒಬ್ಬಳೇ ಮಗಳನ್ನು ಸಾಕಿದ್ದಳು. ಮಗಳಿಗೆ ಆಗ ಎಂಟೊಂಬತ್ತರ ವಯಸ್ಸು. ನಾನು ಒಳಗೆ ಕಾಲಿಟ್ಟರೆ ಎದ್ದು ಅವ್ವನ ಹಿಂದೆ ನಿಲ್ಲುತ್ತಿದ್ದಳು. "ಅವರು ಬಂದ್ರು" ಎನ್ನುತ್ತಿದ್ದಳೇ ಹೊರತು "ಅಪ್ಪ ಬಂದ" ಎಂದು ಒಮ್ಮೆಯೂ ಅನ್ನಲಿಲ್ಲ. ಸಿಟ್ಟು ಮಾಡಿಕೊಳ್ಳೋಣವೆಂದರೆ ಯಾರ ಮೇಲೆ ಮಾಡಿಕೊಳ್ಳುವುದು?

ಮೂರನೆಯ ಕೆಲಸ ಗದಗ-ಬೆಟಗೇರಿಯ ಒಂದು ಹತ್ತಿ ಜಿನ್ನಿನಲ್ಲಿ ಸಿಕ್ಕಿತು. ಹತ್ತಿಯ ಬೀಜ ಬೇರೆ ಮಾಡಿ ಅರಳೆ ತೆಗೆಯುವ ಕಾರ್ಖಾನೆ ಅದು. ಅಂಗಳದ ಮೇಲ್ವಿಚಾರಣೆ ನನ್ನದು. ಚಕ್ಕಡಿ, ಲಾರಿಗಳಲ್ಲಿ ಬಂದ ಅಂಡಿಗೆಗಳನ್ನು, ಅಂದರೆ ಹತ್ತಿ ತುಂಬಿದ ಆಳೆತ್ತರದ ಚೀಲಗಳನ್ನು, ಹಮಾಲರ ತಂಡ ಇಳಿಸಿ ಒಳಗೆ ಮುಟ್ಟಿಸುವಂತೆ ನೋಡಿಕೊಳ್ಳಬೇಕು. ಬೆಟಗೇರಿಯಲ್ಲಿ ಮಗ್ಗದ ಸದ್ದು ಕೇಳುವ ಒಂದು ಓಣಿಯಲ್ಲಿ ಎರಡು ಖೋಲಿ ಬಾಡಿಗೆಗೆ ಹಿಡಿದು ಹೆಂಡತಿ, ಮಗಳನ್ನು ಕರೆದುಕೊಂಡು ಬಂದೆ.

ಸಾಮಾನು ಇಳಿಸುವಾಗ ಹೆಂಡತಿ ಕೇಳಿದಳು: "ಇದೂ ಹೋತಂದ್ರ?"

"ಮುಂಬೈ. ನನ್ನ ಜೋಡಿ ಪಲ್ಟನ್ನಿನಾಗ ಇದ್ದಾವ ಅಲ್ಲಿ ಕಾವಲು ಕೆಲಸ ಕೊಡಸ್ತೀನಿ ಅಂದಾನ."

"ಅಂದ್ರ ಮತ್ತ ವರ್ಷಕ್ಕೊಮ್ಮಿ ಬರೂದು."

ಅವಳು ಎಲ್ಲ ಗಂಟುಗಳನ್ನು ಬಿಚ್ಚಿದಳು, ನನ್ನ ಟ್ರಂಕನ್ನು ಮಾತ್ರ ಮುಟ್ಟಲಿಲ್ಲ. ಅದನ್ನು ಬಾಗಿಲ ಬದಿಗೆ ಸರಿಸಿ, "ಇದು ಇಲ್ಲೇ ಇರ್ಲಿ, ಹೋಗಾಕ ಸಸಾರ ಆಗ್ತೈತಿ" ಎಂದಳು. ಅಂಗಿ ಬೇಕಾದಾಗಲೆಲ್ಲ ನಾನೇ ಬಗ್ಗಿ ಅದರೊಳಗಿಂದ ತೆಗೆದುಕೊಳ್ಳುತ್ತಿದ್ದೆ.

ಜಿನ್ನಿನ ತಂಡದಲ್ಲಿ ಹನ್ನೆರಡು ಹದಿಮೂರು ಜನ. ಕೆಲವರು ಬೆಟಗೇರಿಯವರೇ, ಕೆಲವರು ಸುತ್ತಲಿನ ಹಳ್ಳಿಗಳಿಂದ ಬೆಳಗಾಗೆದ್ದು ನಡೆದು ಬರುವವರು. ಹಿಂದೂಗಳೂ ಇದ್ದರು, ಮುಸಲ್ಮಾನರೂ ಇದ್ದರು. ಅವರ ಹಿರಿಯನನ್ನು ಮುಕಾದಮ ಎನ್ನುತ್ತಿದ್ದರು. ಆ ಮುಕಾದಮರು ಶಿಗ್ಲಿಯಿಂದ ಬಂದು ಬೆಟಗೇರಿಯಲ್ಲಿ ನೆಲೆಸಿದ್ದ ಮುಸಲ್ಮಾನರು, ಬಿಳಿ ಗಡ್ಡ, ಕಡಿಮೆ ಮಾತು. ಮೊದಲ ದಿನ ನಾನು ಸೀಟಿ ಊದಿ ಎಲ್ಲರನ್ನೂ ಎರಡು ಸಾಲಾಗಿ ನಿಲ್ಲಿಸಿದೆ. ಅವರು ನಿಂತರು. ಸ್ವಲ್ಪ ಹೊತ್ತಾದ ಮೇಲೆ ಮುಕಾದಮರು ನಿಧಾನವಾಗಿ ಕೇಳಿದರು: "ಸಾಹೇಬ್ರ, ಸಾಲಾಗಿ ನಿಂತ್ರ ಅಂಡಿಗಿ ತಾವ ಇಳೀತಾವೇನ್ರಿ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಆದರೆ ಬಾಗಿಲ ಬದಿಯ ಟ್ರಂಕು ನೆನಪಾಯಿತು. ಸೀಟಿಯನ್ನು ಕಿಸೆಗೆ ಹಾಕಿಕೊಂಡೆ. ಮತ್ತೆ ಅದನ್ನು ಹೊರಗೆ ತೆಗೆಯಲಿಲ್ಲ.

ಸೀಟಿ ಬಿಟ್ಟೆ, ಸೈನ್ಯದಲ್ಲಿ ಕಲಿತದ್ದನ್ನು ಬಿಡಲಿಲ್ಲ. ನನ್ನ ಮೇಲಿನ ಒಬ್ಬ ಮುದಿ ಸುಬೇದಾರರು ಕಲಿಸಿದ ಮಾತುಗಳು ಅವು. ನೀನು ಎತ್ತಿ ನೋಡದ ಭಾರವನ್ನು ಇನ್ನೊಬ್ಬನ ಬೆನ್ನ ಮೇಲೆ ಹಾಕಬೇಡ ಎನ್ನುತ್ತಿದ್ದರು. ಹಾಗಾಗಿ ಮೊದಲ ವಾರವೇ ಕೊಕ್ಕೆ ಹಿಡಿದು ಒಂದು ಅಂಡಿಗೆ ಹೊತ್ತೆ. ಬೆನ್ನು ಹಿಡಿದುಕೊಂಡಿತು, ಯಾರಿಗೂ ಹೇಳಲಿಲ್ಲ. ಲಾರಿಗೆ ಹಚ್ಚುವ ಹಲಗೆ ಸೀಳಿತ್ತು. ಮ್ಯಾನೇಜರನ ಜೊತೆ ಕಿತ್ತಾಡಿ ಹೊಸದು ತರಿಸಿದೆ. ಕುಡಿಯುವ ನೀರಿನ ಹರವಿಗಳು ಬಿಸಿಲಿನಲ್ಲಿದ್ದವು. ಜಗಳ ತೆಗೆದು ನೆರಳಿಗೆ ಇಡಿಸಿದೆ. ಬಿಸಿಲು ಏರಿದಾಗ ಸ್ವಲ್ಪ ಹೊತ್ತು ವಿಶ್ರಾಂತಿ ಬೇಕೆಂದು ಮಾಲಕರ ಮುಂದೆಯೇ ದನಿ ಎತ್ತಿದೆ. ಇಷ್ಟೆಲ್ಲ ಮಾಡಿದವನ ಜೊತೆ ಜನ ನಗುನಗುತ್ತ ಇರಬೇಕಿತ್ತಲ್ಲವೇ?

ಇವೆಲ್ಲಕ್ಕಿಂತ ನಾನು ಗಟ್ಟಿಯಾಗಿ ಹಿಡಿದುಕೊಂಡದ್ದು ಇನ್ನೊಂದು ಮಾತನ್ನು: ಮುಂದಾಳಾದವನು ಕಡೆಗೆ ಉಣ್ಣಬೇಕು. ಒಮ್ಮೆ ಹಿಮದ ಗುಡ್ಡದ ಮೇಲಿನ ಠಾಣೆಗೆ ಕೆಳಗಿನಿಂದ ರೇಷನ್ ಬರಲಿಲ್ಲ. ಇದ್ದ ಬೇಳೆಗೆ ನೀರು ಹಾಕಿ ಕುದಿಸಿದ್ದರು. ಸುಬೇದಾರರು ತಮ್ಮ ಖಾಲಿ ತಾಟು ಕಂಕುಳಲ್ಲಿ ಹಿಡಿದು ಹಂಡೆಯ ಪಕ್ಕದಲ್ಲೇ ನಿಂತರು. ಕಟ್ಟಕಡೆಯ ಜವಾನನಿಗೂ ಬಡಿಸಿಯಾದ ಮೇಲೆ ಹಂಡೆಯಲ್ಲಿ ಏನೂ ಉಳಿದಿರಲಿಲ್ಲ. ಅವರು ಬಿಸಿನೀರು ಹಾಕಿ ತಿರುವಿ, ಆ ತೊಳೆದ ನೀರನ್ನು ಕುಡಿದು, ಮೀಸೆ ಒರೆಸಿಕೊಂಡು ಪಹರೆಗೆ ಹೋದರು. ಅದನ್ನು ನೋಡಿದ ದಿನದಿಂದ ನಾನೂ ನನ್ನ ಕೈಕೆಳಗಿನವರು ಉಣ್ಣುವ ಮೊದಲು ಒಂದು ತುತ್ತು ಎತ್ತಿದವನಲ್ಲ.

ಜಿನ್ನಿನಲ್ಲೂ ಅದನ್ನೇ ಮಾಡಿದೆ. ಮೊದಲ ದಿನ ಮಧ್ಯಾಹ್ನದ ಗಂಟೆಯಾಯಿತು. ತಂಡ ಬೇವಿನ ಗಿಡದ ಕೆಳಗೆ ದುಂಡಗೆ ಕುಳಿತಿತು. ಎಲ್ಲರ ತೊಡೆಯ ಮೇಲೂ ಬುತ್ತಿಯ ಗಂಟು, ಯಾರೂ ಬಿಚ್ಚಲಿಲ್ಲ. ಎಲ್ಲರೂ ನನ್ನ ಕಡೆಗೆ ನೋಡುತ್ತಿದ್ದರು. ಪರವಾಗಿಲ್ಲ, ಶಿಸ್ತು ಬರುತ್ತಿದೆ, ಅಪ್ಪಣೆಗೆ ಕಾಯುತ್ತಿದ್ದಾರೆ ಎಂದುಕೊಂಡೆ.

"ಉಣ್ರಿ" ಎಂದೆ.

ಅವರು ಮುಕಾದಮರ ಮುಖ ನೋಡಿದರು. ಮುಕಾದಮರು ನನ್ನ ಕೈಯಲ್ಲಿದ್ದ ಗಂಟನ್ನು ನೋಡಿದರು. "ನೀವ್ರಿ?"

"ನಂದು ಕಡೀಕ. ನೀವು ಉಣ್ರಿ."

ಅವರು ಇನ್ನೂ ಸ್ವಲ್ಪ ಹೊತ್ತು ನೋಡಿ, ಆಮೇಲೆ ಮುಖ ತಿರುಗಿಸಿ ಗಂಟು ಬಿಚ್ಚಿದರು. ಉಳಿದವರೂ ಬಿಚ್ಚಿದರು. ತಮ್ಮ ತಮ್ಮ ರೊಟ್ಟಿಯ ಮೇಲೆ ಬಾಗಿ ಬೇಗಬೇಗ ಉಂಡು ಕೈತೊಳೆದರು. ನಾನು ಒಂದಷ್ಟು ದೂರದಲ್ಲಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದೆ. ನನ್ನಂಥ ಮುಂದಾಳು ಇವರಿಗೆ ಹಿಂದೆಂದೂ ಸಿಕ್ಕಿರಲಿಕ್ಕಿಲ್ಲ ಎಂದು ನನಗೇ ನನ್ನ ಮೇಲೆ ಅಭಿಮಾನ ಉಕ್ಕಿ ಬಂತು. ಅವರದು ಮುಗಿದಾಗ ಲಾರಿ ಬಂದು ನಿಂತಿತು. ನಾನು ಅರ್ಧ ರೊಟ್ಟಿ ನಿಂತಲ್ಲೇ ನುಂಗಿದೆ, ಉಳಿದದ್ದು ಹಾಗೇ ಮನೆಗೆ ಹೋಯಿತು.

ದಿನಾಲೂ ಇದೇ ನಡೆಯಿತು. ದಿನ ಕಳೆದಂತೆ ತಂಡ ನನಗೆ ಹತ್ತಿರವಾಗುವ ಬದಲು ದೂರವಾಗುತ್ತ ಹೋಯಿತು. ಹೇಳಿದ್ದನ್ನು ಮಾಡುತ್ತಿದ್ದರು, ಎದುರು ಮಾತಿಲ್ಲ. "ಆತ್ರಿ" ಎನ್ನುವುದು ಬಿಟ್ಟರೆ ಬೇರೆ ಮಾತೂ ಇಲ್ಲ. ನಾನು ಹತ್ತಿರ ಹೋದರೆ ನಡೆಯುತ್ತಿದ್ದ ಚೇಷ್ಟೆ ನಿಂತುಬಿಡುತ್ತಿತ್ತು. ಕೆಲಸವೂ ಸಡಿಲಾಯಿತು. ಗುಡ್ಡದ ಮೇಲೆ ಮೂವತ್ತು ಜನರನ್ನು ಮಕ್ಕಳಂತೆ ನೋಡಿಕೊಂಡವನಿಗೆ ಇಲ್ಲಿ ಹತ್ತಿ ಹೊರುವ ಇಷ್ಟು ಜನ ಒಲಿಯುತ್ತಿಲ್ಲವಲ್ಲ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಹಂಗಾಮು ಜೋರಾಗಿದ್ದ ಒಂದು ವಾರ ಮಾಲಕರು ನನ್ನನ್ನು ಗಾದಿಯ ಹತ್ತಿರ ಕರೆಸಿದರು. ವಯಸ್ಸಾದ ವ್ಯಾಪಾರಸ್ಥರು, ದನಿ ಎತ್ತುವ ಸ್ವಭಾವವಲ್ಲ. "ಹಮಾಲರು ಬರೂ ಸ್ವಾಮಾರದಿಂದ ಬ್ಯಾರೆ ಜಿನ್ನಿಗೆ ಹೋಗ್ತಾರಂತ" ಎಂದರು. "ಏನ್ ಮಾಡೀರಿ ಅವರಿಗೆ?"

"ಏನೂ ಮಾಡಿಲ್ರಿ. ಹೊಡದಿಲ್ಲ. ಬೈದಿದ್ದು ಖರೆ, ಆದ್ರ ನಾ ಎಲ್ಲಾರಿಗೂ ಬೈತೀನಿ. ಮ್ಯಾನೇಜರಗೂ ಬೈದೇನಿ."

"ಅದು ಗೊತ್ತೈತಿ" ಎಂದರು. "ಅವರು ಹೋದ್ರ ನನ್ನ ಹಂಗಾಮು ಹೋದಂಗ. ಅವರು ಉಳದ್ರ ನೀವು ಉಳೀತೀರಿ. ಶನಿವಾರದ ಮಟಾ ನೋಡ್ರಿ."

ನಾನು ಸೀದಾ ಮುಕಾದಮರ ಹತ್ತಿರ ಹೋದೆ. ಯಾಕೆ ಹೋಗುತ್ತೀರಿ ಎಂದು ಕೇಳಿದೆ. "ಏನಿಲ್ರಿ, ಹಿಂಗ" ಎಂದರು. ನಮ್ಮ ಕಡೆ 'ಏನಿಲ್ರಿ' ಅಂದರೆ ಏನೋ ದೊಡ್ಡದೇ ಇದೆ ಎಂದು ಅರ್ಥ. ಎಷ್ಟು ಕೆದಕಿದರೂ ಅವರು ಬಾಯಿ ಬಿಡಲಿಲ್ಲ.

ಶುಕ್ರವಾರ ಸಂಜೆ ಮನೆಗೆ ಬಂದು ಗೋಡೆಗೆ ಒರಗಿ ಕುಳಿತೆ. ಹೆಂಡತಿಗೆ ವಿಷಯ ಹೇಳಿದೆ. ಅವಳು ಅಳಲಿಲ್ಲ, ಜಗಳಾಡಲಿಲ್ಲ. ಬಾಗಿಲ ಬದಿಯ ಟ್ರಂಕನ್ನು ಒಮ್ಮೆ ನೋಡಿ ಒಲೆಯ ಮುಂದೆ ಹೋಗಿ ಕುಳಿತಳು. ಅದಕ್ಕಿಂತ ಅತ್ತಿದ್ದರೆ ಚೆನ್ನಾಗಿತ್ತು. ಮಗಳು ಮೂಲೆಯಲ್ಲಿ ಪಾಟಿ ಹಿಡಿದುಕೊಂಡು ನಮ್ಮಿಬ್ಬರ ಮುಖವನ್ನೂ ನೋಡುತ್ತಿದ್ದಳು. ಮುಂಬೈಗೆ ಹೋದರೆ ಬರುವ ವರ್ಷ ಇವಳು ಇನ್ನಷ್ಟು ಎತ್ತರವಾಗಿರುತ್ತಾಳೆ, ಮತ್ತೆ ಅವ್ವನ ಹಿಂದೆ ನಿಂತು 'ಅವರು ಬಂದ್ರು' ಎನ್ನುತ್ತಾಳೆ ಎಂದುಕೊಂಡೆ.

ಅಷ್ಟರಲ್ಲಿ ಹೆಂಡತಿ ನನ್ನ ಬುತ್ತಿಯ ಗಂಟು ಬಿಚ್ಚಿದಳು. ಒಂದನ್ನು ಬಿಟ್ಟು ಉಳಿದ ರೊಟ್ಟಿ ಹಾಗೇ ಇದ್ದವು. "ಇವತ್ತೂ ಹೊಳ್ಳಿ ತಂದೀರಿ. ನಾ ಮಾಡಿದ್ದು ಗಂಟಲದಾಗ ಇಳಿಯಂಗಿಲ್ಲೇನು?"

"ಅಡಗಿ ಮಾತಲ್ಲ ಅದು" ಎಂದು ರೇಗಿದೆ. ಆಮೇಲೆ ಗುಡ್ಡ, ಸುಬೇದಾರರು, ಹಂಡೆ, ಕಡೆಗೆ ಉಣ್ಣುವ ನೇಮ, ಎಲ್ಲ ಹೇಳಿದೆ. ಹಿಟ್ಟು ನಾದುತ್ತಿದ್ದ ಅವಳ ಕೈ ನಿಂತಿತು.

"ಬುತ್ತಿ ಬಿಚ್ಚದ ಅವರ ಮುಂದ ನಿಂತೀರಿ? ದಿನಾ?"

"ದಿನಾ."

"ಅಯ್ಯ ಶಿವನ" ಎಂದಳು. ಹಿಟ್ಟಿನ ಕೈಯನ್ನು ಹಾಗೇ ಎತ್ತಿ ಹಿಡಿದು ನನ್ನ ಕಡೆ ತಿರುಗಿದಳು. "ನಮ್ಮ ಹೊಲದಾಗ ಆಳು-ಕಾಳು ಉಣ್ಣಾಕ ಕುಂತ್ರ ನಮ್ಮಪ್ಪ ಮೊದಲ ಗಂಟು ಬಿಚ್ತಿದ್ದ. ತನ್ನ ರೊಟ್ಟಿ ಮುರದು ಎಲ್ಲಾರ ಕೈಗೂ ಒಂದೊಂದ್ ತುಣುಕು ಕೊಡ್ತಿದ್ದ. ಆಮ್ಯಾಲೆ ಅವರು ಬಿಚ್ಚೂದು. ಅವರ ಪಲ್ಲೆ ಇವರಿಗೆ, ಇವರ ಹಿಂಡಿ-ಚಟ್ನಿ ಅವರಿಗೆ. ಹಿರ್ಯಾ ಆದಾವ ಬಿಚ್ಚಲಿಲ್ಲಂದ್ರ ಯಾರೂ ಕೊಡಂಗಿಲ್ಲ, ಯಾರೂ ತಗೊಳ್ಳಂಗಿಲ್ಲ. ನೀವು ಬರೂಕಿಂತ ಮೊದಲ ಅಲ್ಲಿ ಯಾರಿದ್ರು?"

"ಒಬ್ಬ ಗುಮಾಸ್ತ. ಮಧ್ಯಾಹ್ನ ಮನಿಗೆ ಹೋಗಿ ಉಣ್ತಿದ್ನಂತ."

"ಅಂದ್ರ ಆ ಮುಕಾದಮ ಬಿಚ್ತಿದ್ದ. ನೀವು ಬಂದು ಎದುರಿಗೆ ನಿಂತ ಮ್ಯಾಲೆ, ನಿಮಗಿಂತ ಮುಂದಾಗಿ ಅವ ಹೆಂಗ ಕೊಟ್ಟಾನು? ನೀವೂ ಮನಿಗೆ ಬಂದು ಉಂಡಿದ್ರ ಚೊಲೋ ಇತ್ತು. 'ನಿಮಗ ಕೊಡಾಕ ನನ್ನ ಹತ್ತರ ಏನಿಲ್ಲ, ನಿಮ್ಮ ಕೈಯಾಂದು ನನಗ ಬ್ಯಾಡ' ಅಂತ ದಿನಾ ಅವರಿಗೆ ಹೇಳಿದಂಗ ಆತು. ಅದೂ ಆ ತಂಡದಾಗ ಎಲ್ಲಾ ಜಾತಿ ಮಂದಿ ಅದಾರ. ಅವರು ಏನ್ ತಿಳ್ಕೊಂಡಿರಬೇಕು?"

ಅವರು ಏನು ತಿಳಿದುಕೊಂಡಿರಬೇಕು ಎಂಬುದು ಹೊಳೆದ ಕೂಡಲೇ ನಾನು ಎದ್ದು ನಿಂತೆ. "ನಾ ಜಾತಿ ನೋಡ್ತೀನಂತೇನು? ಹದಿನೈದು ವರ್ಷ ಒಂದ ಲಂಗರದಾಗ, ಪಲ್ಟನ್ನಿನ ಅಡಗಿಮನ್ಯಾಗ, ಎಲ್ಲಾರ ಕೂಡ ಉಂಡಾವ ನಾನು."

"ನಿಮ್ಮ ಲಂಗರ ಅವರೇನು ಕಂಡಾರ? ಅವರು ಕಂಡಿದ್ದು ಕಟ್ಟಿದ ಗಂಟು" ಎಂದು ಮತ್ತೆ ಹಿಟ್ಟು ನಾದತೊಡಗಿದಳು.

ಇದೇ ಸೀಮೆಯಲ್ಲಿ ಹುಟ್ಟಿದವನಿಗೆ ಇಷ್ಟು ಗೊತ್ತಿರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ನಮ್ಮಪ್ಪ ಲಕ್ಷ್ಮೇಶ್ವರದಲ್ಲಿ ಸಿಂಪಿಗ. ಅಂಗಡಿಯ ಹಿಂದೆಯೇ ಮನೆ, ಉಣ್ಣುವುದು ಮನೆಯಲ್ಲಿ. ಮೀಸೆ ಚಿಗುರುತ್ತಲೇ ನಾನು ಸೈನ್ಯಕ್ಕೆ ಹೋದೆ. ಹೊಲದ ಬುತ್ತಿಯ ರೀತಿ-ರಿವಾಜು ನನಗೆ ಯಾರು ಹೇಳಬೇಕು? ನನ್ನ ಜನರ ನಡುವಿಗೆ ಬಂದೆ ಎಂದುಕೊಂಡೇ ಬಂದಿದ್ದೆ, ಅವರ ಊಟದ ವಿಷಯದಲ್ಲಿ ಹೊರಗಿನವನಾಗಿದ್ದೆ. ಅದಕ್ಕಿಂತ ನನ್ನನ್ನು ಕುಟುಕಿದ ಸಂಗತಿ ಬೇರೆ. ನಾನು ಕಾಲಿಟ್ಟ ದಿನದಿಂದ ಆ ತಂಡದಲ್ಲಿ ಹಂಚಿಕೊಂಡು ಉಣ್ಣುವುದೇ ನಿಂತುಹೋಗಿತ್ತು. ಅವರಿಗೆ ನೆರಳು ತಂದೆ, ನೀರು ತಂದೆ, ಹಲಗೆ ತಂದೆ. ಅವರಿಗೆ ಇದ್ದ ಒಂದು ಸುಖವನ್ನು ನಿಂತು ನಿಂತೇ ತೆಗೆದುಬಿಟ್ಟಿದ್ದೆ.

ಶನಿವಾರ ಹೆಂಡತಿ ದೊಡ್ಡ ಗಂಟು ಕಟ್ಟಿಕೊಟ್ಟಳು. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ.

ಮಧ್ಯಾಹ್ನದ ಗಂಟೆಯಾದಾಗ ನಾನು ಹೋಗಿ ಆ ದುಂಡಿನೊಳಗೇ, ಮುಕಾದಮರ ಎದುರಿಗೆ ಚಕ್ಕಳಮಕ್ಕಳ ಹಾಕಿ ಕುಳಿತೆ. ಗಂಟಿಗೆ ಕೈ ಹಾಕಿದೆ. ಸತ್ಯ ಹೇಳುತ್ತೇನೆ, ಕೈ ಏಳಲಿಲ್ಲ. ಖಾಲಿ ತಾಟು ಕಂಕುಳಲ್ಲಿ ಹಿಡಿದ ಸುಬೇದಾರರು ಕಣ್ಣ ಮುಂದೆ ನಿಂತರು. ಹಸಿದು ಕುಳಿತ ಇಷ್ಟು ಜನರ ಮುಂದೆ ಅವರಿಗಿಂತ ಮೊದಲು ನನ್ನ ಅನ್ನ ಬಿಚ್ಚುವುದು ನನಗೆ ಕಳ್ಳತನದಂತೆ ಅನ್ನಿಸುತ್ತಿತ್ತು. ಜೊತೆಗೆ, ಕೊಟ್ಟ ಮೇಲೆ ಇವರು ತೆಗೆದುಕೊಳ್ಳದಿದ್ದರೆ? ಆದರೂ ಬಿಚ್ಚಿದೆ. ಒಂದು ರೊಟ್ಟಿ ಮುರಿದು, ಅದರ ಮೇಲೆ ಎಣ್ಣೆಗಾಯಿ ಇಟ್ಟು ಮುಕಾದಮರ ಕಡೆ ಕೈ ಚಾಚಿದೆ.

ಅವರು ನನ್ನ ಕೈಯನ್ನು ನೋಡಿದರು, ಮುಖವನ್ನು ನೋಡಿದರು. "ಇಷ್ಟ ದಿನ ಇಲ್ಲದ್ದು ಇವತ್ತ್ಯಾಕ್ರಿ?"

ನನಗೆ ಭಾಷಣ ಬರುವುದಿಲ್ಲ. ಬಂದಷ್ಟು ಹೇಳಿದೆ. "ನಾ ಇದ್ದಲ್ಲೆ ಕೂಳಿಗೆ ತ್ರಾಸ ಇತ್ರಿ. ಕಡಿಮಿ ಬಿದ್ರ ನನ್ನ ಪಾಲು ಬೀಳ್ಲಿ ಅಂತ ಮುಂದಾಳು ಕಡೀಕ ಉಣ್ತಿದ್ದ. ನಿಮಗೂ ಅದ ಮಾಡಿದೆ. ಇಲ್ಲಿ ಪದ್ಧತಿ ಬ್ಯಾರೆ ಅಂತ ನಿನ್ನೆ ಮನ್ಯಾಗ ಹೇಳಿದ್ರು."

ಚಾಚಿದ ಕೈ ನೋಯತೊಡಗಿತು. ನಾನು ಹಿಂದಕ್ಕೆ ತೆಗೆಯಲಿಲ್ಲ.

"ನಮ್ಮ ಕೈಯಾಂದು ನೀವು ಉಣ್ತೀರಿ?" ಎಂದರು ಮುಕಾದಮರು.

"ಕೊಟ್ಟು ನೋಡ್ರಿ."

ಅವರು ತುಣುಕು ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದು ನುಂಗಿ, ತಮ್ಮ ಗಂಟು ಬಿಚ್ಚಿ, ಪುಂಡಿಪಲ್ಲೆ ಸುತ್ತಿದ ಅರ್ಧ ರೊಟ್ಟಿಯನ್ನು ನನ್ನ ಕೈಗಿಟ್ಟರು. ನಾನು ತಿಂದೆ. ಹುಳಿ, ಖಾರ, ಬೆಳ್ಳುಳ್ಳಿಯ ವಾಸನೆ. ಆಮೇಲೆ ಒಬ್ಬೊಬ್ಬರೇ ಗಂಟು ಬಿಚ್ಚಿದರು. ನಾನು ಮುರಿದು ಕೊಡುತ್ತ ಹೋದೆ.

"ನಮ್ಮ ರೊಟ್ಟಿ ಕಂಡು ಹೇಸಿ ದೂರ ನಿಲ್ತೀರಿ ಅಂತ ತಿಳದಿದ್ವಿ" ಎಂದರು ಮುಕಾದಮರು, ನೆಲ ನೋಡುತ್ತ.

"ನಾನಂತೂ ನಾವು ಎಷ್ಟೊತ್ತು ಉಣ್ತೇವಿ ನೋಡಾಕ ಸಾವ್ಕಾರ್ರು ನಿಲ್ಲಿಸ್ಯಾರ ಅನ್ಕೊಂಡಿದ್ದೆ" ಎಂದ ಪಕ್ಕದಲ್ಲಿದ್ದವನು. ಆಗ ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಆ ಮಾತು ಮಾತ್ರ ಇವತ್ತಿಗೂ ನನಗೆ ಸರಿ ಕಂಡಿಲ್ಲ.

ಎಲ್ಲವೂ ಒಂದೇ ದಿನದಲ್ಲಿ ಹಾಲು-ಸಕ್ಕರೆಯಾಯಿತು ಎಂದೇನೂ ಹೇಳುವುದಿಲ್ಲ. ಇಬ್ಬರು ಹಿರಿಯರು ಯಾರ ಕೈಯ ಪಲ್ಲೆಯನ್ನೂ ಮುಟ್ಟದೆ ಒಣ ಹಿಂಡಿಯನ್ನು ಮಾತ್ರ ತೆಗೆದುಕೊಂಡರು. ಅದು ಅವರ ಮೊದಲಿನ ನೇಮವಂತೆ. ಆದರೆ ಕೈ ಚಾಚುವುದನ್ನು ಅವರೂ ಬಿಡಲಿಲ್ಲ. ಒಬ್ಬರ ಜುಣಕದ ವಡಿ, ಇನ್ನೊಬ್ಬರ ಮೆಣಸಿನಕಾಯಿ ಖಾರ, ಮತ್ತೊಬ್ಬರ ಉಳ್ಳಾಗಡ್ಡಿ ನನ್ನ ಮುಂದೆ ಬಂದು ಬೀಳುತ್ತಲೇ ಇದ್ದವು. ಉಳಿಸಿದರೆ ಮರ್ಯಾದೆಯಲ್ಲ, ಅದಕ್ಕೆ ಎಲ್ಲವನ್ನೂ ಉಂಡೆ. ತಲೆ ಎತ್ತಿ ನೋಡಿದಾಗ ಉಳಿದವರು ಕೈತೊಳೆದು ಗಿಡಕ್ಕೆ ಒರಗಿದ್ದರು, ಬಾಯಿ ಆಡಿಸುತ್ತಿದ್ದವನು ನಾನೊಬ್ಬನೇ. ಮೊದಲು ಬಿಚ್ಚಿದವನೂ ನಾನೇ, ಕಡೆಗೆ ಉಂಡೆದ್ದವನೂ ನಾನೇ. ಸುಬೇದಾರರು ಕಲಿಸಿದ ಮಾತು ತಪ್ಪಲಿಲ್ಲ ಎಂದು ಮನಸ್ಸು ಹಗುರವಾಯಿತು.

ಕೈ ಒರೆಸಿಕೊಳ್ಳುತ್ತಿದ್ದಾಗ ಮುಕಾದಮರು ಹತ್ತಿರ ಬಂದರು. "ಸ್ವಾಮಾರ ಲಾರಿ ಎಷ್ಟೊತ್ತಿಗೆ ಬರ್ತೈತ್ರಿ?" ಎಂದು ಕೇಳಿದರು.

"ಮುಂಜಾನೆ ಜಲ್ದಿ ಬರ್ತೈತಿ."

"ಆತ್ರಿ" ಎಂದು ಅಂಡಿಗೆಗಳ ಕಡೆ ನಡೆದರು. ಅದೇ 'ಆತ್ರಿ', ಆದರೆ ನಾನು ಅಲ್ಲೇ ಗಿಡದ ಕೆಳಗೆ ಸ್ವಲ್ಪ ಹೊತ್ತು ಮುಖ ತೊಳೆಯುವವನಂತೆ ನಿಲ್ಲಬೇಕಾಯಿತು.

ಆ ಸಂಜೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಗಂಟು ಕೊಟ್ಟೆ. ಒಳಗೆ ಮುಕಾದಮರು ಒತ್ತಾಯದಿಂದ ಕಟ್ಟಿದ ಎರಡು ಸಿಹಿ ರೊಟ್ಟಿಗಳಿದ್ದವು. ಅವಳು ಅವನ್ನು ನೋಡಿ ಒಳಗೆ ಹೋದಳು.

ಮರುದಿನ ರವಿವಾರ. ಪೇಟೆಗೆ ಹೋಗಿ ಬರುವಷ್ಟರಲ್ಲಿ ನನ್ನ ಟ್ರಂಕು ಬಾಗಿಲ ಬದಿಯಲ್ಲಿರಲಿಲ್ಲ. ಅಂಗಿಗಳೆಲ್ಲ ಗೂಟಕ್ಕೆ ತೂಗಾಡುತ್ತಿದ್ದವು. ಟ್ರಂಕು ಅಡುಗೆಯ ಖೋಲಿಯ ಮೂಲೆಯಲ್ಲಿ, ತುಂಬ ಜೋಳ ತುಂಬಿಕೊಂಡು ಕುಳಿತಿತ್ತು. ನನಗೆ ಸಿಟ್ಟು ನೆತ್ತಿಗೇರಿತು. "ಪಲ್ಟನ್ನಿನ ಟ್ರಂಕ್ ಅದು. ಅದರಾಗ ಜ್ವಾಳ ಹಾಕ್ತಾರೇನು?"

"ಮುಚ್ಚಳ ಗಟ್ಟಿ ಐತಿ, ನುಸಿ ಹತ್ತಂಗಿಲ್ಲ" ಎಂದಳು ಹೆಂಡತಿ, ತಿರುಗಿ ನೋಡದೆ. "ಇನ್ನ ಅದನ್ನ ಹೊತ್ಕೊಂಡು ಎಲ್ಲಿಗೆ ಹೋಗ್ತೀರಿ?"

ನಾನು ಕೈಕಾಲು ತೊಳೆದು ಬಂದು ಕುಳಿತೆ. ಅವಳು ಅಂದು ಮೂರು ತಾಟುಗಳನ್ನು ಒಟ್ಟಿಗೆ ಹಾಕಿದಳು. ನಾನು ಹಳೆಯ ಚಾಳಿಯಂತೆ ಕೈಕಟ್ಟಿಕೊಂಡು, ಅವರಿಬ್ಬರೂ ಮೊದಲು ಉಣ್ಣಲಿ ಎಂದು ಕಾಯುತ್ತಿದ್ದೆ. ಮಗಳು ತಾಟಿನ ಮುಂದೆ ಕುಳಿತು ನನ್ನ ಮುಖವನ್ನೇ ನೋಡುತ್ತಿದ್ದಳು. ಕಡೆಗೆ ಅವಳ ತಾಳ್ಮೆ ಕೆಟ್ಟಿತು.

"ಅಪ್ಪಾ, ನೀ ಮುರಿ ಮೊದಲ" ಎಂದಳು. "ನನಗ ಹಸದೈತಿ."